ಬಡತನವು ಮಗುವನ್ನು ಮನೆಯಿಂದ ಅಗಲಿಸಬಾರದು



ಹರಪನಹಳ್ಳಿ, ಕೂಡ್ಲಿಗಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೋಗುವುದು ಹೊಸತಲ್ಲ. ಊರಲ್ಲಿ ಅಜ್ಜಿಯೊಡನೆ ಉಳಿದ ಮಗು ಶಾಲೆ ಬಿಟ್ಟು ದುಡಿಮೆಗಿಳಿದರೆ ಪ್ರಕರಣವು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬಹುದು. ‘ಸರ್ಕಾರ ಮಗುವನ್ನು ಕಿತ್ತುಕೊಳ್ಳುತ್ತದೆ’ ಎಂದು ಅಂಜಿ ಹೆತ್ತವರು ಹಾಜರಾಗದಿದ್ದರೆ, ಅವರ ಅಹವಾಲು ಸಮಿತಿಗೆ ತಲುಪುವುದೇ ಇಲ್ಲ.

ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು. ಬಾಲಮಂದಿರವು ಕೊನೆಯ ಮಾರ್ಗ. ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ವೇಳೆ ಹೊರತುಪಡಿಸಿ, 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಅಂತಿಮ ಆದೇಶ ನಾಲ್ಕು ತಿಂಗಳೊಳಗೆ ಹೊರಬೀಳಬೇಕು. ತನಿಖೆಗೆ ಬಂದವರಿಗೆ ಮನೆಯ ಸ್ಥಿತಿಗತಿಯನ್ನೂ, ಮಗುವನ್ನು ನೋಡಿಕೊಳ್ಳಬಲ್ಲ ಅಜ್ಜಿ, ಸೋದರಮಾವ, ಚಿಕ್ಕಮ್ಮನವರ ವಿವರವನ್ನೂ ತಿಳಿಸಬೇಕು. ಆದೇಶಕ್ಕೆ ಆ ವರದಿಯೇ ಮುಖ್ಯ ಆಧಾರ.

ಸಂಕಟದಲ್ಲಿ ಮಗುವನ್ನು ಸಮಿತಿಗೆ ಒಪ್ಪಿಸಿದ ಹೆತ್ತವರಿಗೂ ಮರುಚಿಂತನೆಗೆ ಎರಡು ತಿಂಗಳ ಕಾಲಾವಕಾಶವಿದೆ. ಕೊರತೆ ಹಣದ್ದೇ ಆಗಿದ್ದಲ್ಲಿ, ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ಮಾಸಿಕ 4,000 ರೂಪಾಯಿ ನೆರವುಂಟು. ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಬಹುದು.

ಮನೆಯೊಳಗೇ ಹಿಂಸೆಯಿದ್ದರೆ ಮಗುವಿನ ಸುರಕ್ಷತೆಯೇ ಮೊದಲು. ಅಂಥಲ್ಲಿ 1098ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಬಡತನ ಮಾತ್ರ ಇರುವಲ್ಲಿ, ಮಗು ಊರು ಬಿಡುವ ಮುನ್ನವೇ ನೆರವು ಆ ಮನೆಯ ಬಾಗಿಲಿಗೆ ತಲುಪಲಿ.