ಹಾಳೆಯ ಅಂಚಿನಲ್ಲಿ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಸೇರಿದ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಆ ಸೇವೆಗಾಗಿ ಮುಂಬಯಿಯ ಕಾಲೇಜು ಮಕ್ಕಳು ಧಾರಾವಿಯ ಗಲ್ಲಿಯಲ್ಲಿ ಸಮೀಕ್ಷೆಗೆ ನಿಂತಾಗ ಕೈಯಲ್ಲಿರುವ ಹಾಳೆ ಹಿಂದಿ. ಬಾಗಿಲಲ್ಲಿರುವ ಕಲಬುರಗಿ ಕಡೆಯ ಅಜ್ಜಿಯದು ಕನ್ನಡ. "ಯಮ್ಮಾ, ನೀರು ಎಷ್ಟು ಗಂಟಿಗೆ ಬರ್ತದ?" ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದರೆ ಸಾಕು, ಅಜ್ಜಿ ನೀರಿನ ಮಾತು ಬಿಟ್ಟು ಊರಿನ ಬರ, ಹತ್ತಿಬಂದ ರೈಲು, ಇಲ್ಲಿ ಕಂಡ ಮೊದಲ ಮಳೆಗಾಲ, ಎಲ್ಲ ಹೇಳುತ್ತಾಳೆ. ಅದಕ್ಕೆ ಹಾಳೆಯಲ್ಲಿ ಜಾಗವಿರುವುದಿಲ್ಲ. ಅಂಚಿನಲ್ಲಾದರೂ ಬರೆದುಕೋ ಮಗಳೇ. ನನ್ನ ಮಟ್ಟಿಗೆ ನಿನ್ನ ಸಂಶೋಧನೆ ಅಲ್ಲಿದೆ. ಆ ಅಂಚಿಗೆ ಇನ್ನೊಂದು ಪ್ರಶ್ನೆಯೂ ಇದೆ: ಮುಂಬಯಿ ಮಹಾನಗರ ಪಾಲಿಕೆಗೆ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಮುಂದಿನ ವಾರ ಹೋದಾಗ, ಮೊಮ್ಮಗ ಎಲ್ಲಿ ಓದುತ್ತಾನೆಂದು ಅಜ್ಜಿಯನ್ನು ಕೇಳು.