ತೆನೆ ಹಬ್ಬದ ಅರ್ಥ
(ಕನ್ಯಾಮರಿಯಮ್ಮನವರ ಜನ್ಮೋತ್ಸವದ ನವೇನದಲ್ಲಿ ಮಾಡಿದ ಉಪನ್ಯಾಸ)



ಧರ್ಮಸಭೆಯು ಸಾಮಾನ್ಯವಾಗಿ ಸಂತರ ಮರಣದಿನವನ್ನೇ ಅವರ ಸ್ವರ್ಗೀಯ ಜನ್ಮದಿನವೆಂದೆಣಿಸಿ ಹಬ್ಬವನ್ನಾಚರಿಸುತ್ತದೆ. ಈ ಲೋಕದಲ್ಲಿ ಜನಿಸಿದ ದಿನವನ್ನು ಅದು ಕೊಂಡಾಡುವುದು ಮೂವರದು ಮಾತ್ರ: ಪ್ರಭು ಯೇಸುಕ್ರಿಸ್ತರದು, ಸ್ನಾನಿಕ ಯೊವಾನ್ನರದು, ಮಾತೆ ಮರಿಯಮ್ಮನವರದು. ಮಾತೆಯ ಜನನದ ವೃತ್ತಾಂತ ಶುಭಸಂದೇಶಗಳಲ್ಲಿಲ್ಲ. ಜೋಕಿಮ್ ಮತ್ತು ಅನ್ನಮ್ಮ ಎಂಬ ತಂದೆತಾಯಿಗಳ ಹೆಸರುಗಳು ಪುರಾತನ ಪರಂಪರೆಯಿಂದ ಬಂದವು. ಪೂರ್ವ ದೇಶಗಳಿಂದ ಬಂದ ಈ ಹಬ್ಬಕ್ಕೆ ರೋಮಿನಲ್ಲಿ ಮೆರವಣಿಗೆಯನ್ನು ಏರ್ಪಡಿಸಿದವರು 687ರಿಂದ 701ರವರೆಗೆ ಜಗದ್ಗುರುಗಳಾಗಿದ್ದ ಒಂದನೇ ಸೆರ್ಜಿಯುಸರು.

ಕರಾವಳಿಯ ಕ್ರೈಸ್ತರಾದ ನಮಗೆ ಸೆಪ್ಟೆಂಬರ್ 8 ಎಂದರೆ ಮೊಂತಿ ಹಬ್ಬ, ತೆನೆ ಹಬ್ಬ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ದೇವಾಲಯದಲ್ಲಿ, ಗೋವೆಯ ಗುರುಗಳಾದ ಜೋಕಿಮ್ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಹಿರಿಯರಿಂದ ಬಂದ ಮಾತು. ಇದೇ ಋತುವಿನಲ್ಲಿ ತುಳುನಾಡಿನ ನಮ್ಮ ಹಿಂದೂ ಬಾಂಧವರೂ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಒಂದೇ ಮಳೆ, ಒಂದೇ ಮಣ್ಣು, ಕೃತಜ್ಞತೆಯೂ ಒಂದೇ.

ನವೇನದ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಬಲಿಪೂಜೆಯ ನಂತರ ಪ್ರತಿ ಕುಟುಂಬಕ್ಕೂ ತೆನೆ ದೊರೆಯುತ್ತದೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ. ಮನೆಯಲ್ಲಿ ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ, ಸುಲಿದ ಹೊಸ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಊಟ. ಅಂದು ಮೀನು ಮಾಂಸಗಳಿಲ್ಲ. ಕೆಸುವಿನ ದಂಟು, ಹರಿವೆ, ಬೆಂಡೆ, ಅಲಸಂಡೆ ಮೊದಲಾದವು ಬೆಸಸಂಖ್ಯೆಯಲ್ಲಿರಬೇಕೆಂಬುದು ರೂಢಿ. ದೂರದೂರಿನ ಮಕ್ಕಳಿಗೆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರು ಇಂದಿಗೂ ಇದ್ದಾರೆ.

ಇಷ್ಟರಿಂದ ಹಬ್ಬ ಪೂರ್ಣವಾಯಿತೇ? ಪವಿತ್ರ ಗ್ರಂಥವನ್ನು ತೆರೆದು ನೋಡೋಣ. ಯಾಜಕಕಾಂಡದ 23ನೆಯ ಅಧ್ಯಾಯವು ಮೊದಲ ಬೆಳೆಯ ಸಿವುಡನ್ನು ದೇವರಿಗೆ ಅರ್ಪಿಸಬೇಕೆಂದು ವಿಧಿಸುತ್ತದೆ. ಅದೇ ಅಧ್ಯಾಯವು, ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ ತೆನೆಗಳನ್ನು ಆಯದೆ ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದೂ ಆಜ್ಞಾಪಿಸುತ್ತದೆ. ಮೊದಲ ತೆನೆ ದೇವರದು, ಉದುರಿದ ತೆನೆ ಬಡವರದು. ಈ ಎರಡರ ನಡುವೆ ಇರುವುದಷ್ಟೇ ನಮ್ಮದು.

ಈ ಹಬ್ಬದಂದು ಓದುವ ಮತ್ತಾಯನ ಶುಭಸಂದೇಶದ ವಂಶಾವಳಿಯಲ್ಲಿ ರೂತಳ ಹೆಸರಿದೆ. ಆಕೆ ಮೋವಾಬಿನಿಂದ ಬಂದ ಬಡ ವಿಧವೆ; ಬೆತ್ಲೆಹೇಮಿನಲ್ಲಿ ಬೋವಜನ ಹೊಲದಲ್ಲಿ ಜವೆಗೋಧಿಯ ತೆನೆಗಳನ್ನು ಆಯ್ದು ತನ್ನನ್ನೂ ಅತ್ತೆಯನ್ನೂ ಸಾಕಿದವಳು. ದಾವೀದನು ಆಕೆಯ ಮರಿಮಗನು; ನಮ್ಮ ಪ್ರಭು ಜನಿಸಿದ್ದು ಅದೇ ವಂಶದಲ್ಲಿ. ಬೋವಜನು ತೆನೆಗಳನ್ನು ಬಿಡದೆ ಗುಡಿಸಿಕೊಂಡಿದ್ದರೆ ರೂತಳ ಗತಿ ಏನಾಗುತ್ತಿತ್ತೆಂದು ನಾವು ಯೋಚಿಸಬೇಕು.

ಇಂದು ನಮ್ಮಲ್ಲಿ ಎಷ್ಟೋ ಗದ್ದೆಗಳು ತೋಟಗಳಾಗಿವೆ, ಮನೆಯ ನಿವೇಶನಗಳಾಗಿವೆ. ಹಬ್ಬದ ತೆನೆಯನ್ನು ಬೇರೆ ಊರಿನಿಂದ ತರಿಸುವ ಧರ್ಮಕೇಂದ್ರಗಳೂ ಇವೆ. ಉಳಿದ ಗದ್ದೆಗಳಲ್ಲಿ ನಾಟಿ ಕೊಯ್ಲುಗಳಿಗೆ ಹೊರ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದ ಕೂಲಿಯವರು ದುಡಿಯುತ್ತಾರೆ. ರೂತಳಂತೆ ಅವರೂ ಪರಸ್ಥಳದವರು. ಅವರ ಕೂಲಿ ಬಾಕಿಯಿರುವಾಗ ನಾವು ಎತ್ತಿ ಹಿಡಿಯುವ ತೆನೆ ದೇವರಿಗೆ ಮೆಚ್ಚುಗೆಯಾದೀತೇ? ನೆರೆಮನೆಯ ವೃದ್ಧರು ಒಂಟಿಯಾಗಿ ಗಂಜಿಯುಣ್ಣುವಾಗ ನಮ್ಮ ಒಂಬತ್ತು ಬಗೆಯ ಪಲ್ಯಗಳು ರುಚಿಸಾವೇ?

ಗದ್ದೆಯಿಲ್ಲದವರೂ ಈ ಹಬ್ಬವನ್ನು ಪೂರ್ಣವಾಗಿ ಆಚರಿಸಬಲ್ಲರು. ಸಂಬಳವೂ ಬೆಳೆಯೇ, ವ್ಯಾಪಾರದ ಲಾಭವೂ ಬೆಳೆಯೇ. ಅದರ ಅಂಚನ್ನು ಕೊಯ್ಯದೆ ಬಿಡೋಣ. ಈ ವರ್ಷ ನಮ್ಮ ಪ್ರತಿ ಮನೆಯಲ್ಲೂ ಒಂದು ಬಾಳೆಲೆ ಹೆಚ್ಚಾಗಿ ಹಾಸಿರಲಿ; ಅದರ ಮುಂದೆ ಕೂರಲು ಒಬ್ಬರನ್ನು ನಾವೇ ಹೋಗಿ ಕರೆತರೋಣ.

ಹಸಿದವರನ್ನು ತೃಪ್ತಿಪಡಿಸುವ ದೇವರನ್ನು ಕೊಂಡಾಡಿದ ಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.