ದಾರಿಯ ಊಟ, ಊರಿನ ಅಕ್ಕಿ

(ಕೊಟ್ಟಿಗೆಹಾರದ ರೈತರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರು ಮಾಡಿದ ಭಾಷಣ)



ಗೊಬ್ಬರ, ಬೀಜ, ಬೋರ್ಡೋ ದ್ರಾವಣ ಇವುಗಳ ಮಾತನ್ನೇ ನನ್ನಿಂದ ಕೇಳಿ ನಿಮಗೆ ಅಭ್ಯಾಸ. ಈ ಹೊತ್ತು ಹೋಟೆಲಿನ ವಿಷಯ ಎತ್ತಿಕೊಂಡಿದ್ದೇನೆ. ಬೇಸಾಯ ಓದಿದವನಿಗೆ ಹೋಟೆಲಿನ ಗೊಡವೆ ಏಕೆ ಎನ್ನುವವರು ದಯವಿಟ್ಟು ಕಡೆಯವರೆಗೆ ಕೇಳಬೇಕು.

ನಮ್ಮ ಕೊಟ್ಟಿಗೆಹಾರ ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿದೆ. ಧರ್ಮಸ್ಥಳ, ಮಂಗಳೂರಿನ ಕಡೆಯಿಂದ ಹತ್ತಿ ಬಂದವರೂ, ಮೂಡಿಗೆರೆಯಿಂದ ಇಳಿದು ಹೋಗುವವರೂ, ಕಳಸ ಹೊರನಾಡಿಗೆ ತಿರುಗುವವರೂ ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ತಿರುವುಗಳಲ್ಲಿ ಹೊಟ್ಟೆ ತೊಳಸಿ, ಮಂಜಿನಲ್ಲಿ ನಡುಗಿ ಬಂದವರಿಗೆ ಬಿಸಿ ನೀರುದೋಸೆ, ಕಾಯಿಚಟ್ನಿ, ಒಂದು ಲೋಟ ಕಾಫಿ ಸಿಕ್ಕಿದರೆ ಜೀವ ಬಂದಂತೆ. ಕೊಟ್ಟಿಗೆಹಾರದ ನೀರುದೋಸೆಯ ಹೆಸರು ದೂರದ ಊರುಗಳಿಗೂ ಗೊತ್ತು. ಪೇಟೆಯವರು ದುಡ್ಡು ಕೊಟ್ಟು ಹುಡುಕಿಕೊಂಡು ಬಂದು ತಿನ್ನುವುದು ನಮ್ಮ ಅಜ್ಜಿಯರು ಬೆಳಗಿನ ತಿಂಡಿಗೆ ಹೊಯ್ಯುತ್ತಿದ್ದ ದೋಸೆಯನ್ನೇ.

ಆದರೆ ಆ ದೋಸೆಯ ಅಕ್ಕಿ ಎಲ್ಲಿಯದು? ಮಲೆನಾಡಿನ ಎಷ್ಟೋ ಗದ್ದೆಗಳು ಅಡಕೆಗೆ, ಶುಂಠಿಗೆ ಹೋದವು. ಎಷ್ಟೋ ಗದ್ದೆಗಳು ಹಾಳುಬಿದ್ದವು. ಊರಿನ ಹೆಸರು ಮಾತ್ರ ನಮ್ಮದಾಗಿ ಮೂಟೆ ಹೊರಗಿನದಾದರೆ, ದಾರಿಯಲ್ಲಿ ಬಂದ ಹಣ ದಾರಿಯಲ್ಲೇ ಹೋಗುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನನ್ನ ವ್ಯಾಪ್ತಿಯ ಒಬ್ಬ ರೈತ ದಂಪತಿಗಳು ರಸ್ತೆಯ ಬದಿಯಲ್ಲಿ ಹೊಸ ಮಾದರಿಯ ಕೆಫೆ ತೆರೆಯಲು ಮನಸ್ಸು ಮಾಡಿದರು. ಬಿದಿರಿನ ಗೋಡೆ, ಲಾಟೀನು, ಹಳೆಯ ನೊಗ ನೇಗಿಲು ತೂಗುಹಾಕಿ ಹಳ್ಳಿಮನೆಯ ವೇಷ ಕಟ್ಟುವುದೆಂದಾಯಿತು. ಒಡವೆ ಅಡವಿಟ್ಟರು. ಅಂದಾಜು ಪತ್ರ ಬರೆದುಕೊಟ್ಟವನು ನಾನೇ. ಬೇಸಗೆಯ ರಜೆಯ ಜನಸಂದಣಿ ನೋಡಿ, ಅದನ್ನೇ ಹನ್ನೆರಡು ತಿಂಗಳಿಗೆ ಗುಣಿಸಿದ್ದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ವಾರದ ದಿನಗಳಲ್ಲಿ ಗಾಡಿಗಳೇ ಇಲ್ಲ. ಕೆಲಸದವರ ಸಂಬಳ, ಬಡ್ಡಿ ಮಾತ್ರ ನಿಲ್ಲಲಿಲ್ಲ. ಬಾಗಿಲು ಮುಚ್ಚಿದ ದಿನ ಆ ತಾಯಿ, "ತಮ್ಮಾ, ಲೆಕ್ಕದಲ್ಲಿ ಮಳೆ ಬರೆಯೋದು ಮರೆತ್ಯಲ್ಲಪ್ಪಾ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆಯೇ ಬಂದ್ ಆದದ್ದನ್ನು ನಾನು ನೆನೆಯಬೇಕಾಗಿತ್ತು.

ಆದುದರಿಂದ ಮೊದಲನೆಯ ಮಾತು ಲೆಕ್ಕದ್ದು. ಅಂಗಡಿ ತೆರೆಯುವ ಮುಂಚೆ ಒಂದು ವಾರ ಮನೆಯಲ್ಲೇ ಅಳೆದು ನೋಡಿ. ಒಂದು ಸೇರು ಅಕ್ಕಿಗೆ ಎಷ್ಟು ದೋಸೆ ಎದ್ದವು, ಕಾಯಿ ಎಷ್ಟು, ಸೌದೆ ಅಥವಾ ಗ್ಯಾಸ್ ಎಷ್ಟು ಎಂದು ಬರೆಯಿರಿ. ಮನೆಯ ಹೆಂಗಸರ ದುಡಿಮೆಗೂ ಕೂಲಿ ಹಾಕಿರಿ; ಅದನ್ನು ಬಿಟ್ಟು ತೋರುವ ಲಾಭ ಲಾಭವಲ್ಲ. ಮಳೆಯ ನಾಲ್ಕು ತಿಂಗಳನ್ನು ಬೇರೆಯಾಗಿ ಬರೆಯಿರಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಆ ಮೇಲೆ ರೋಬಸ್ಟಾ. ಅದೇ ಹೊತ್ತಿಗೆ ಪ್ರವಾಸಿಗಳೂ ಬರುತ್ತಾರೆ. ತೋಟಕ್ಕೂ ಒಲೆಗೂ ಆಳು ಎಲ್ಲಿಂದ ಎಂಬುದನ್ನು ಮೊದಲೇ ಯೋಚಿಸಿರಿ.

ಎರಡನೆಯದು ಶುಚಿ. ಬೆಂಗಳೂರಿನ ಎಂ.ಟಿ.ಆರ್. ಹೋಟೆಲು 1924ರಲ್ಲಿ ಆರಂಭವಾದದ್ದು. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ನೈರ್ಮಲ್ಯವನ್ನು ಕಂಡು ಬಂದು, ತಮ್ಮಲ್ಲಿಯೂ ಅದನ್ನು ರೂಢಿಸಿದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡುವಂತಾಯಿತು. ನಮ್ಮ ಒಲೆಯೂ ಹಾಗೆ ತೋರಿಸುವಂತಿರಬೇಕು. ದೋಸೆ ಕಾವಲಿಯ ಮೇಲೆ ಬೇಯುತ್ತದೆ; ಚಟ್ನಿಗೆ ಹಾಕಿದ ನೀರು ಬೇಯುವುದಿಲ್ಲ. ಆದ್ದರಿಂದ ಚಟ್ನಿಗೂ ಕುಡಿಯುವುದಕ್ಕೂ ಕುದಿಸಿ ಆರಿಸಿದ ನೀರೇ ಬೇಕು. ನೀರುದೋಸೆಯ ಹಿಟ್ಟು ಹುಳಿ ಬರಿಸುವ ಹಿಟ್ಟಲ್ಲ, ಅಂದಂದೇ ತೀರಬೇಕು. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ಮೂರು ದಿನ ನೆನೆಹಾಕದೆ ಬೇಯಿಸಬಾರದು, ಅದರಲ್ಲಿ ವಿಷದ ಅಂಶವುಂಟು. ಪತ್ರೊಡೆಯ ಕೆಸುವಿಗೆ ಹುಳಿ ಸಾಕಷ್ಟು ಬೀಳದಿದ್ದರೆ ಗಂಟಲು ತುರಿಸುತ್ತದೆ. ಕಾಫಿಪುಡಿಗೆ ಚಿಕೋರಿ ಬೆರೆಸಿದ್ದರೆ ಪೊಟ್ಟಣದ ಮೇಲೆ ಪ್ರಮಾಣ ಬರೆದಿರಬೇಕು. ಕಾಫಿ ಬೆಳೆಯುವ ನಾವೇ ತೆಳು ಕಾಫಿ ಕೊಡುವುದು ನಾಚಿಕೆಗೇಡು. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು, ಮರೆಯಬೇಡಿ.

ಮೂರನೆಯದು ಕೂಡಿ ದುಡಿಯುವುದು. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು 1957ರಿಂದ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ತಾವೇ ನಡೆಸಿದರು. ನಮ್ಮ ರಾಜ್ಯ ಸರ್ಕಾರವೂ ಮಹಿಳಾ ಸ್ವಸಹಾಯ ಸಂಘಗಳು ನಡೆಸುವ 'ಅಕ್ಕ ಕೆಫೆ'ಗಳನ್ನು 2024ರಲ್ಲಿ ಆರಂಭಿಸಿತು. ಒಬ್ಬರೇ ಒಡವೆ ಅಡವಿಡುವುದಕ್ಕಿಂತ ಹತ್ತು ಮನೆ ಸೇರಿ ಭಾರ ಹಂಚಿಕೊಳ್ಳುವುದು ಲೇಸು. ಎಲ್ಲರೂ ಹೋಟೆಲು ಇಡಬೇಕೆಂದೂ ಇಲ್ಲ. ಇರುವ ಹೋಟೆಲಿಗೆ ಅಕ್ಕಿ, ಕಾಯಿ, ಹಲಸಿನ ಹಪ್ಪಳ, ಜೇನು, ಉಪ್ಪಿನಕಾಯಿ ಒದಗಿಸುವುದೂ ವ್ಯಾಪಾರವೇ.

ನಾನು ಹೇಳಿದ ದಂಪತಿಗಳ ಸಾಲ ಇನ್ನೂ ತೀರಿಲ್ಲ. ಹಾಗೆಂದು ಸುಳ್ಳು ಹೇಳಲಾರೆ. ಆದರೆ ಆ ತಾಯಿ ನೆರೆಯ ನಾಲ್ವರೊಡನೆ ಸೇರಿ, ಹೋಟೆಲುಗಳು ಮುಂಗಡ ಹೇಳಿದಷ್ಟೇ ಕಡುಬು, ಅಕ್ಕಿರೊಟ್ಟಿ ಮಾಡಿಕೊಡುತ್ತಿದ್ದಾರೆ. ಉಳಿದು ಹಾಳಾಗುವ ಭಯವಿಲ್ಲ, ಬಾಡಿಗೆಯಿಲ್ಲ. ಗೌಡರು ಹಾಳುಬಿದ್ದಿದ್ದ ಅರ್ಧ ಎಕರೆ ಗದ್ದೆಗೆ ಈ ಸಲ ಮತ್ತೆ ನಾಟಿ ಹಾಕಿದರು. ಗೋಡೆಗೆ ತೂಗುಹಾಕಿದ್ದ ನೊಗ ಕೆಳಗಿಳಿದಿದೆ.

ಬಂಧುಗಳೇ, ಗದ್ದೆ ಇರುವವರು ಒಂದು ತುಂಡಾದರೂ ಉಳಿಸಿಕೊಳ್ಳಿ. ಅದು ಅಕ್ಕಿ ಕೊಡುತ್ತದೆ, ಮಳೆಯ ನೀರನ್ನು ಹಿಡಿದು ನೆಲಕ್ಕೆ ಇಂಗಿಸುತ್ತದೆ. ಹೋಟೆಲು ಇಡಬೇಕೆಂಬ ಆಸೆ ಇರುವವರು ಲೆಕ್ಕದ ಪುಸ್ತಕ ಹಿಡಿದು ನನ್ನ ಬಳಿ ಬನ್ನಿ. ಈ ಸಲ ಕೂತು ಬರೆಯೋಣ. ಮೊದಲ ಸಾಲಿನಲ್ಲಿ ಮಳೆಯನ್ನೇ ಬರೆಯೋಣ.